ಗಾಜಿನ ಬಿಲ್ಡಿಂಗಿಗೆ ಮುಯ್ಯಿ

ಬಳ್ಳಾರಿಯ ನಡುವೂರಿನ್ಯಾಗ ಹನ್ನೊಂದು ಅಂತಸ್ತಿನ ಒಂದು ಆಫೀಸ್ ಬಿಲ್ಡಿಂಗ್ ಐತಿ. ದೊಡ್ಡ ದೊಡ್ಡ ಊರಿನವ್ರು ನೋಡಿದ್ರ ಇದೇನು ಮಹಾ ಅಂತ ನಗಬೌದು. ನಗ್ಲಿ, ಅವ್ರ ಹಲ್ಲು, ಅವ್ರ ಬಾಯಿ. ನಮ್ಮ ಊರಿಗೆ ಅದಾ ಮುಗಿಲು ಮುಟ್ಟಿದ್ದು. ಸಿರುಗುಪ್ಪ ಬಸ್ಸಿನ್ಯಾಗ ಬರೋರಿಗೆ ಮೊದಲು ಬೆಟ್ಟ ಕಾಣತೈತಿ, ಆಮ್ಯಾಲ ಅದು. ಆಟೋದವ್ರಿಗೆ ‘ಗಾಜಿನ ಬಿಲ್ಡಿಂಗ್ ಹಿಂದ’ ಅಂದ್ರ ಸಾಕು, ಮುಂದ ಮಾತಿಲ್ಲದ ತಂದು ಇಳಸ್ತಾರ. ಅದರ ಹಿಂದ ಇರೋದಾ ನಾವು. ಬ್ರೂಸ್‌ಪೇಟೆಯ ಒಂದು ಸಣ್ಣ ಓಣಿ, ಅದರಾಗ ಮೂರು ಮನಿ, ಉಳಿದದ್ದೆಲ್ಲಾ ಸಗಟು ಅಂಗಡಿಗಳ ಬೆನ್ನು.

ಆ ಬಿಲ್ಡಿಂಗಿನ್ಯಾಗ ನಾನು ಒಂದು ಮಧ್ಯಾಹ್ನ ಕೆಲಸ ಮಾಡೀನಿ. ಒಂದಾ ಮಧ್ಯಾಹ್ನ, ಹತ್ತನೇ ಅಂತಸ್ತಿನ್ಯಾಗ, ಕೈಯಾಗ ಲಟ್ಟಣಿಗಿ ಹಿಡಕೊಂಡು. ಅದು ಹೆಂಗಾತು ಅಂತ ಹೇಳಾಕ ಕುಂತೀನಿ. ಕಥಿ ನಂದಲ್ಲ, ನಮ್ಮತ್ತಿದು. ಎಂಬತ್ತರ ಹತ್ರ ಬಂದ ಜೀವಕ್ಕ ಮನಿಯಾಗ ಉಳಿದಿದ್ದ ಒಂದಾ ಒಂದು ಕೆಲಸ ಉಳೀತೈತೋ ಹೋಗತೈತೋ ಅನ್ನೋದರ ಕಥಿ. ಅಕಿ ಎದುರಿಗೆ ನಾನು ‘ನೀವು’ ಅಂತೀನಿ. ಬರಿಯಾಗ ಅಷ್ಟು ಮರ್ಯಾದಿ ಕೊಟ್ರ ಯಾರೋ ಗುರುತಿಲ್ಲದ ಹೆಂಗಸು ಅನ್ನಿಸತೈತಿ, ಅದಕ್ಕ ‘ಅಕಿ’ ಅಂತಾನ ಬರೀತೀನಿ. ಓದಿದವ್ರು ಅಕಿಗೆ ಹೇಳಬ್ಯಾಡ್ರಿ.

ಹಪ್ಪಳ ಲಟ್ಟಸೋದ್ರಾಗ ನಮ್ಮತ್ತಿ ಓಣಿಗೇ ದೊಡ್ಡಾಕಿ. ಉದ್ದಿನ ಹಪ್ಪಳ ಅಕಿ ಕೈಯಾಗ ಎಷ್ಟು ತೆಳ್ಳಗ ಬರತಿತ್ತಂದ್ರ, ಎತ್ತಿ ಹಿಡಿದ್ರ ಆಚಿ ಕಡಿಯಿಂದ ಬಳಿ ಬಣ್ಣ ಹೇಳಬೌದಿತ್ತು. ನಾನು ಸಿರುಗುಪ್ಪ ಕಡಿ ಕರೂರಿನಾಕಿ. ನೀರಾವರಿ ಊರು, ಭತ್ತದ ನಟ್ಟಿ ಹಚ್ಚೋದು, ಕಳೆ ಕೀಳೋದು ಗೊತ್ತು, ಹಪ್ಪಳ ಗೊತ್ತಿದ್ದಿಲ್ಲ. ಮದುವಿಯಾದ ವರ್ಷ ನಾನು ಲಟ್ಟಿಸಿದ ಮೊದಲನೇ ಹಪ್ಪಳ ಎತ್ತಿ ಹಿಡಿದು, ಎಲ್ಲಾರ ಮುಂದ, ‘ಇದು ಯಾವ ಜಿಲ್ಲಾದ ನಕ್ಷೆ ತಂಗೀ?’ ಅಂತ ಕೇಳಿದ್ಲು. ಓಣಿ ಹೆಂಗಸ್ರು ನಕ್ಕಿದ್ದಾ ನಕ್ಕಿದ್ದು. ನನಗ ಸಿಟ್ಟು ಬಂತು, ನನ್ನ ಬಾಯಿ ಮೊದಲಿಂದ ಸ್ವಲ್ಪ ಜೋರು, ‘ಬಳ್ಳಾರಿ ಜಿಲ್ಲಾದ್ದು, ನಿಮ್ದಾ’ ಅಂದುಬಿಟ್ಟೆ. ಅವತ್ತಿಂದ ಅಕಿಗೆ ನಾನಂದ್ರ ಇಷ್ಟ ಅಂತ ಬ್ಯಾರೆಯವ್ರ ಬಾಯಿಂದ ಕೇಳೀನಿ.

ಏಳೆಂಟು ವರ್ಷದ ಕೆಳಗ ಅಕಿ ಕೈ ನಡುಗಾಕ ಹತ್ತಿದ್ವು. ಡಾಕ್ಟ್ರು ವಯಸ್ಸು ಅಂದ್ರು, ಗುಳಿಗಿ ಕೊಟ್ರು. ಗುಳಿಗಿ ನುಂಗಿದ್ರೂ ಲಟ್ಟಣಿಗಿ ಒಂದು ಕಡಿ ಜಾಸ್ತಿ ಒತ್ತೋದು ನಿಲ್ಲಲಿಲ್ಲ. ಒಂದು ದಿನ ತಾನ ಎದ್ದು ಲಟ್ಟಸೋ ಮಣಿ ನನ್ನ ಕಡಿ ನೂಕಿ, ‘ಇನ್ನ ನೀ ಲಟ್ಟಸು, ನಾ ಕಾಯ್ತೀನಿ’ ಅಂದ್ಲು. ಕಾಯೋದು ಅಂದ್ರ ಮನಿ ಮುಂದಿನ ಕಟ್ಟಿ ಮ್ಯಾಲ ಕೋಲು ಹಿಡಕೊಂಡು ಕುಂತು, ಧೋತ್ರದ ಮ್ಯಾಲ ಹರವಿದ ಹಪ್ಪಳಕ್ಕ ಕಾಗಿ, ನಾಯಿ ಬರದಂಗ ನೋಡ್ಕೊಳ್ಳೋದು, ಬಿಸಿಲು ಸರಿದಂಗ ಧೋತ್ರ ಸರಸೋದು, ಹೊತ್ತಿಗೆ ಸರಿಯಾಗಿ ತಿರುವಿ ಹಾಕೋದು. ಇದೇನು ಕೆಲಸ ಅನ್ನಬ್ಯಾಡ್ರಿ. ಒಂದು ಹೊತ್ತು ಜಾಸ್ತಿ ಒಣಗಿದ್ರ ಹಪ್ಪಳ ಬಿರೀತಾವು, ಕಮ್ಮಿಯಾದ್ರ ಬೂಷ್ಟು ಹಿಡೀತಾವು. ಅಕಿ ಕಾಯಾಕ ಕುಂತಮ್ಯಾಲ ನಮ್ಮವು ಒಂದೂ ಕೆಟ್ಟಿಲ್ಲ.

ನಮ್ಮ ಕಟ್ಟಿಯ ಬಿಸಿಲಿನ ಸಮಾಚಾರ ಒಂಚೂರು ಹೇಳಬೇಕು. ಮ್ಯಾಲಿನ ಮಾಳಗಿಯ ಸಜ್ಜಾ ಕಟ್ಟಿಯ ತನಕ ಚಾಚೇತಿ, ಅದಕ್ಕ ನೆತ್ತಿ ಮ್ಯಾಲಿನ ಬಿಸಿಲು ಕಟ್ಟಿಗೆ ಬೀಳೂದಿಲ್ಲ. ಓಣಿ ನಡುವ ಬೀಳತೈತಿ, ಆದ್ರ ಅಲ್ಲಿ ಕೈಗಾಡಿ, ಹಮಾಲ್ರು, ಆಟೋ. ಕಟ್ಟಿಗೆ ಬರೋದು ಓರೆ ಬಿಸಿಲು ಒಂದಾ. ಪಡುವಲಕ್ಕ ನಮ್ಮ ಮನಿ ಸಾಲೇ ಮೂರಂತಸ್ತು ಎದ್ದು ನಿಂತೈತಿ, ಆ ಕಡಿಯಿಂದ ಬಿಸಿಲು ಬರೋ ಮಾತಾ ಇಲ್ಲ. ಮೂಡಲಕ್ಕ ಮಾತ್ರ ಹಳೇ ಗೋಡೌನಿನ ಗಿಡ್ಡ ಗೋಡಿ, ಅದರ ಮ್ಯಾಲಿಂದ ಮುಂಜಾನಿ ಬಿಸಿಲು ನೆಟ್ಟಗ ಕಟ್ಟಿಗೆ ಬಂದು ಬೀಳತಿತ್ತು. ನಮ್ಮತ್ತಿ ಮುಂಜಾನಿ ಎಲ್ಲಾ ಅಲ್ಲೇ.

ಆ ಮೂಡಲ ಕಡಿಗೇನ ಬಿಲ್ಡಿಂಗ್ ಎದ್ದಿತು. ಒಂದೊಂದು ಅಂತಸ್ತು ಏರಿದಂಗ ನಮ್ಮ ಬಿಸಿಲು ಒಂದೊಂದು ಗೇಣು ಕಮ್ಮಿ. ಹನ್ನೊಂದನೇದು ಮುಗಿಯಾದ್ರಾಗ ಕಟ್ಟಿಗೆ ಮುಂಜಾನಿ ಅನ್ನೋದಾ ಇಲ್ಲದಂಗಾತು. ಹಪ್ಪಳಾನ ಕಬ್ಬಿಣದ ಏಣಿ ಹತ್ತಿ ಮಾಳಗಿ ಮ್ಯಾಲ ಒಯ್ದು ಹಾಕಾಕ ಹತ್ತಿದ್ವಿ. ಅತ್ತಿಗೆ ಏಣಿ ಎಲ್ಲಿ ಆಗ್ಬೇಕು, ಮೊಣಕಾಲು ಮೊದಲಾ ನೋವು. ಎರಡು ಬ್ಯಾಸಗಿ ಅಕಿ ಒಳಗ ಗೋಡಿಗೆ ಒರಗಿ ಕುಂತು ‘ತಿರುವಿದ್ಯೇನು? ಗಾಳಿ ಯಾವ ಕಡಿಯಿಂದೈತಿ? ಕಾಗಿ ಅದಾವೇನು?’ ಅಂತ ಕೇಳೋದು, ನಾನು ಮ್ಯಾಲಿಂದ ಒದರೋದು. ಕೇಳಿ ಕೇಳಿ ಅಕಿಗೇ ಬ್ಯಾಸರಾಗಿ ಕೇಳೋದು ಬಿಟ್ಲು. ಆಮ್ಯಾಲ ಮಧ್ಯಾಹ್ನ ಮಲಗಾಕ ಹತ್ತಿದ್ಲು. ನಮ್ಮತ್ತಿ ಹಗಲು ಮಲಗಿದ್ದು ನಾನು ಅಲ್ಲೀ ತನಕ ಕಂಡಿದ್ದಿಲ್ಲ.

ಆಮ್ಯಾಲ ಆ ಬಿಲ್ಡಿಂಗಿಗೆ ಗಾಜು ಹಾಕಿದ್ರು. ಹಾಕಿ ಮುಗಿಸಿದ ದಿನ ಮಧ್ಯಾಹ್ನ ಮೂರು ಗಂಟೆಕ ನಾನು ಕಟ್ಟಿ ಮ್ಯಾಲ ಕಾಯಿಪಲ್ಲೆ ಹೆಚ್ಚಕೊಂತ ಕುಂತಿದ್ದೆ, ಫಕ್ಕನೆ ಮೂಡಲ ಕಡಿಯಿಂದ ಮುಖಕ್ಕ ಬಿಸಿಲು ಹೊಡೀತು. ಮೂರು ಗಂಟೆಕ ಮೂಡಲಿಂದ ಬಿಸಿಲು. ಕಣ್ಣು ಮುಚ್ಚಿದ್ರೂ ಕೆಂಪಗ ಕಾಣತಿತ್ತು. ನೋಡಿದ್ರ ಆ ಗಾಜು ಪಡುವಲದ ಸೂರ್ಯನ್ನ ತಂದು ನಮ್ಮ ಓಣಿಗೆ ಸುರುವತಿತ್ತು. ಇರೋ ಬಿಸಿಲು ಕಸಗೊಂಡು, ಈಗ ಬ್ಯಾಡಾದ ಹೊತ್ತಿನ್ಯಾಗ ಕೊಟ್ಟು ಚೇಷ್ಟಿ ಮಾಡ್ತಾರೇನು ಅಂತ ನನಗ ಪಿತ್ತ ನೆತ್ತಿಗೇರಿತು. ಅವತ್ತಾ ಸಂಜಿಕ ಒಂದು ಅರ್ಜಿ ಬರದೆ, ಪಿಯುಸಿ ಓದೀನಲ್ಲ, ಬರಿಯಾಕ ಬರತೈತಿ ಅನ್ನೋ ಸೊಕ್ಕು ಬ್ಯಾರೆ. ಓಣಿಯವ್ರ ಕಡಿಂದೆಲ್ಲಾ ಸಹಿ ಹಾಕಿಸಿ ಬಿಲ್ಡಿಂಗಿನ ಆಫೀಸಿಗೆ ಕೊಟ್ಟುಬಂದೆ. ಅತ್ತಿ ಅವತ್ತು ಕುರುಗೋಡಿನ್ಯಾಗ ನನ್ನ ಮಗಳ ಮನಿಯಾಗ ಇದ್ಲು, ಅಕಿಗೆ ಇದ್ಯಾವುದೂ ಗೊತ್ತಿಲ್ಲ.

ಹದಿನೈದು ದಿನ ಬಿಟ್ಟು ಕುರುಗೋಡಿನಿಂದ ಬಂದ್ಲು. ಬಂದ ದಿನಾನ ಮೂರು ಗಂಟೆಕ ಆ ಬೆಳಕು ನೋಡಿದ್ಲು. ನನ್ನಂಗ ಬೈಯಲಿಲ್ಲ. ಕಟ್ಟಿಗೆ ಬಂದು ಅಂಗೈ ಬೆಳಕಿನ್ಯಾಗ ಹಿಡಿದು, ತಿರುವಿ ಹಿಂಗೈ ಹಿಡಿದು, ಒಳಗ ಹೋಗಿ ಒಂದು ಹಸಿ ಹಪ್ಪಳ ತಂದು ಇಟ್ಲು. ಅರ್ಧ ತಾಸಿನ್ಯಾಗ ಅದರ ಅಂಚು ಮ್ಯಾಲೆದ್ದಿತ್ತು. ಅಕಿ ನನ್ನ ಕಡಿ ನೋಡಿ, ‘ನನ್ನ ಕೋಲು ಎಲ್ಲಿಟ್ಟೀ?’ ಅಂದ್ಲು.

ಅವತ್ತಿಂದ ಎರಡು ಬ್ಯಾಸಗಿ ನಮ್ಮ ಓಣಿಗೆ ಹಬ್ಬ. ಮೂರರಿಂದ ನಾಲ್ಕೂವರಿ ತನಕ ಆ ಬೆಳಕು, ಮುಂಜಾನಿ ಬಿಸಿಲಿನಷ್ಟು ಸುಡೂದಿಲ್ಲ, ಆದ್ರ ಹಪ್ಪಳಕ್ಕ ಹೇಳಿ ಮಾಡಿಸಿದ್ದು. ಮೂರು ಮನಿ ಹಪ್ಪಳಾನೂ ಅತ್ತಿ ಕಾಯ್ತಿದ್ಲು. ಎರಡೂವರಿಗೇ ಮುಖ ತೊಳಕೊಂಡು, ಸೆರಗು ಸರಿಮಾಡ್ಕೊಂಡು, ಆಫೀಸಿಗೆ ಹೋಗೋರಂಗ ಕಟ್ಟಿಗೆ ಬಂದು ಕುಂಡ್ರತಿದ್ಲು. ನಾನು ಬರದ ಅರ್ಜಿ ನನಗೇ ಮರತಹೋಗಿತ್ತು. ಮರೀಬಾರದಿತ್ತು.

ಈ ವರ್ಷ ಶಿವರಾತ್ರಿ ಆದ ಮ್ಯಾಲ ಒಂದಿನ ಒಬ್ಬಾತ ನಮ್ಮ ಓಣಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೊರಳಾಗ ಐಡಿ ಕಾರ್ಡು, ಕೈಯಾಗ ಫೈಲು. ಬಿಲ್ಡಿಂಗಿಗೆ ಹೊಸಾದಾಗಿ ಬಂದ ಮ್ಯಾನೇಜರ್ ಅಂತ. ಗಡಿ ಆಚಿ ಕಡಿಯವ, ಅರ್ಧ ತೆಲುಗು ಅರ್ಧ ಕನ್ನಡ. ಭಾಳ ಮರ್ಯಾದಸ್ಥ. ಅತ್ತಿ ಕಟ್ಟಿ ಮ್ಯಾಲ ಇದ್ಲು, ನಾನು ಬಾಗಲದಾಗ. ‘ಅಮ್ಮಾ, ಹಳೇ ಫೈಲಿನ್ಯಾಗ ನಿಮ್ಮ ಅರ್ಜಿ ಸಿಕ್ತು. ಎರಡು ವರ್ಷ ಯಾರೂ ನೋಡಿಲ್ಲ, ತಪ್ಪಾತು. ಈಗ ವ್ಯವಸ್ಥಾ ಮಾಡೀವಿ. ಗಾಜಿಗೆಲ್ಲಾ ಹೊಳೀದಂಗ ಮಬ್ಬು ಫಿಲ್ಮು ಅಂಟಸ್ತೀವಿ, ಬರೋ ಸೋಮವಾರದಿಂದ ಕೆಲಸ’ ಅಂದ.

‘ಯಾವ ಅರ್ಜಿ?’ ಅಂದ್ಲು ಅತ್ತಿ.

ಆತ ಫೈಲು ಬಿಚ್ಚಿ ಓದಿದ. ನನ್ನ ಅಕ್ಷರ, ಎಷ್ಟು ದುಂಡಗ ಬರದಿದ್ದೆ ಅವತ್ತು. ‘ಗಾಜಿನ ಬೆಳಕಿನಿಂದ ನಮ್ಮ ಮನೆಯ ಹಿರಿಯರಾದ ಅತ್ತೆಯವರ ಕಣ್ಣಿಗೆ ಬಹಳ ತೊಂದರೆಯಾಗುತ್ತಿದ್ದು’ ಅಂತ. ಅರ್ಜಿಗೆ ತೂಕ ಬರ್ಲಿ ಅಂತ ಅಕಿ ಕಣ್ಣು ಸೇರಿಸಿದ್ದೆ. ಭೂಮಿ ಬಾಯಿ ಬಿಟ್ರ ಒಳಗ ಇಳದುಬಿಡ್ತೀನಿ ಅನ್ನಿಸಿತು.

‘ನನ್ನ ಕಣ್ಣು ಚಲೋ ಅದಾವಪ’ ಅಂದ್ಲು ಅತ್ತಿ. ಅಷ್ಟಾ. ನನ್ನ ಕಡಿ ನೋಡಲಿಲ್ಲ. ಎದ್ದು ಒಳಗ ಹೋದ್ಲು.

ನಾನು ಆತನ ಬೆನ್ನು ಹತ್ತಿದೆ. ಅರ್ಜಿ ವಾಪಸ್ ತಗೊಂತೀನಿ, ಹರದು ಒಲಿಗೆ ಹಾಕ್ತೀನಿ, ನಿಮ್ಮ ಗಾಜು ನಿಮ್ಮ ಬೆಳಕು ಎಲ್ಲಾ ಚಲೋ ಅದಾವು ಅಂದೆ. ಆತ ಪಾಪ ನಿಂತು ಕೇಳಿದ. ಅರ್ಜಿ ಒಂದಾ ಆಗಿದ್ರ ಬಿಡಬೌದಿತ್ತಂತ. ಒಳಗ ಆಫೀಸಿನವ್ರೂ ಬ್ಯಾಸಗಿಗೆ ಬೆಂದುಹೋಗತೀವಿ ಅಂತ ಹೇಳ್ತಾನ ಇದ್ರಂತ, ಮಾಲೀಕ್ರು ನಾಳಿ ನೋಡಾಮು ಅಂತಿದ್ರಂತ, ಈ ಅರ್ಜಿ ತೋರಿಸಿದ ಮ್ಯಾಲೇನ ಒಪ್ಪಿದ್ರಂತ. ಫಿಲ್ಮಿನ ಸುರುಳಿ ಆಗಲೇ ಬಂದು ಬಿದ್ದಾವಂತ. ಅಂದ್ರ ನೋಡ್ರಿ, ಎರಡು ವರ್ಷ ಆಗದಿದ್ದದ್ದು ನನ್ನ ದುಂಡನ ಅಕ್ಷರದಿಂದ ಆತು.

ಮನಿಗೆ ಬಂದು ಅತ್ತಿ ಮುಂದ ಕುಂತು ಎಲ್ಲಾ ಹೇಳಿದೆ. ‘ಹೂಂ’ ಅಂದ್ಲು. ಊಟಕ್ಕ ಕರದ್ರ ‘ಹೂಂ’, ಚಾ ಕೊಟ್ರ ‘ಹೂಂ’. ಮೂರು ದಿನ ಇದಾ. ಬೈದಿದ್ರ ನಾನೂ ಒಂದು ಮಾತು ಅಂದು ಹಗುರಾಗ್ತಿದ್ದೆ. ನಮ್ಮ ಮನಿಯವ್ರು, ಬೀಜದಂಗಡಿಯಾಗ ಕೆಲಸ ಮಾಡೋರು, ಇಬ್ಬರ ನಡುವ ಕುಂತು ಉಣ್ಣಾಕ ಹೆದರಿ ಎರಡು ದಿನ ಅಂಗಡಿಗೇ ಬುತ್ತಿ ಒಯ್ದರು. ಅತ್ತಿ ಮಾತ್ರ ಮೂರು ಗಂಟೆಕ ತಪ್ಪದ ಕಟ್ಟಿಗೆ ಹೋಗಿ ಬಿಲ್ಡಿಂಗಿನ ಕಡಿ ಮುಖ ಮಾಡಿ ಕುಂಡ್ರತಿದ್ಲು. ಇನ್ನ ಮುಂದ ಈ ಮುದುಕಿ ಮತ್ತ ಹಗಲು ಮಲಗತಾಳ, ಅದಕ್ಕ ಕಾರಣ ನಾನು, ಇದಾ ವಿಚಾರ ನನ್ನ ತಲಿಯಾಗ ಗಿರಿಗಿರಿ ತಿರುಗತಿತ್ತು.

ನಾಲ್ಕನೇ ದಿನ ಶನಿವಾರ. ಮುಂಜಾನಿ ಎದ್ದು ಹೊರಗ ಬರ್ತೀನಿ, ಅತ್ತಿ ಮಣಿ ಲಟ್ಟಣಿಗಿ ಎಲ್ಲಾ ತೊಳದು ಚೀಲಕ್ಕ ತುಂಬತಿದ್ಲು.

‘ಎಲ್ಲಿಗೆ ಅತ್ತಿ?’

‘ಮುಯ್ಯಿಗೆ.’

ಮುಯ್ಯಿ ಅಂದ್ರ ನಮ್ಮ ಕಡಿ ಎಲ್ಲಾರಿಗೂ ಗೊತ್ತು. ಕರೂರಿನ್ಯಾಗ ಇವತ್ತು ನೀ ನಮ್ಮ ಗದ್ದಿಗೆ ನಟ್ಟಿ ಹಚ್ಚಾಕ ಬಂದ್ರ, ನಾಳಿ ನಾ ನಿಮ್ಮ ಗದ್ದಿಗೆ ಬರಬೇಕು. ಕೂಲಿ ಕೊಡೂದಿಲ್ಲ, ಬೇಡೂದಿಲ್ಲ, ಕೈಗೆ ಕೈ. ನಮ್ಮ ಓಣಿಯಾಗ ಹಪ್ಪಳಕ್ಕೂ ಅದಾ ಪದ್ಧತಿ. ಇವತ್ತು ನಮ್ಮ ಮನಿ ಹಪ್ಪಳ ಅಂದ್ರ ಉಳಿದ ಎರಡು ಮನಿ ಹೆಂಗಸ್ರು ಲಟ್ಟಣಿಗಿ ಹಿಡಕೊಂಡು ಬರಬೇಕು. ಬರದಿದ್ರ ವರ್ಷಗಟ್ಟಲೆ ಮಾತಾಡಿಕೊಂತಾರ. ಅವತ್ತು ಯಾರ ಮನಿದೂ ಪಾಳಿ ಇದ್ದಿಲ್ಲ. ಯಾರ ಮನಿಗೆ ಅಂತ ಕೇಳಿದೆ.

‘ಎರಡು ಬ್ಯಾಸಗಿ ನಮ್ಮ ಕಟ್ಟಿಗೆ ಬಂದು ದುಡದೈತಿ. ನಾವು ಒಂದು ದಿನಾನಾದ್ರೂ ಅವ್ರ ಮನಿಗೆ ಹೋದ್ವೇನು?’ ಅಂತ ಗೋಡೌನಿನ ಗೋಡಿ ಮ್ಯಾಲ ಎದ್ದಿದ್ದ ಬಿಲ್ಡಿಂಗ್ ಕಡಿ ಕೈ ಮಾಡಿದ್ಲು.

‘ಬೆಳಕು ಹೋಗಬ್ಯಾಡ ಅಂತ ಕೇಳಾಕ ಹೋಗೂದಾ?’

‘ಬೇಡಾಕಲ್ಲ. ಅದು ಸೋಮವಾರ ಹೋಗೋದು ಹೋಗ್ಲಿ. ಹೋಗೋದ್ರಾಗ ನಮ್ಮ ಮುಯ್ಯಿ ತೀರಲಿ. ಋಣ ಇಟ್ಕೊಂಡು ಕುಂಡ್ರಾಕ ನನ್ನ ಕೈಲಿ ಆಗೂದಿಲ್ಲ.’ ಮೂರು ದಿನದ ಮ್ಯಾಲ ಇಷ್ಟು ಮಾತು ಒಟ್ಟಿಗೆ ಆಡಿದ್ದಕ್ಕ, ಹುಚ್ಚುತನ ಅಂತ ಗೊತ್ತಿದ್ರೂ ನಾನೂ ಚೀಲದ ಬಾಯಿ ಹಿಡದು ನಿಂತೆ. ರಾತ್ರಿ ಹಪ್ಪಳದ ಹಿಟ್ಟು ನಾದಿ ಇಟ್ಟಿದ್ದೂ ಅಕೀನ. ಆ ನಡುಗೋ ಕೈಲಿ ಯಾವಾಗ ನಾದಿದ್ಲೋ ಆ ಶಿವನಿಗೇ ಗೊತ್ತು.

ಮಧ್ಯಾಹ್ನ ಊಟ ಆದ ಮ್ಯಾಲ ನಾವು ಹೊಂಟ್ವಿ. ನಾನು, ಅತ್ತಿ, ಓಣಿಯ ಉಳಿದ ಎರಡು ಮನಿ ಹೆಂಗಸ್ರು. ಬಿಲ್ಡಿಂಗಿನ ಬಾಗಲದಾಗ ಸಾಮಾನು ತಪಾಸಣಿ ಮಷೀನು ಐತಿ. ನಮ್ಮ ಚೀಲ ಅದರಾಗ ಹೋಗಿ ಈಚಿ ಕಡಿ ಬಂತು. ಪರದಿ ಮ್ಯಾಲ ನಾಲ್ಕು ಲಟ್ಟಣಿಗಿ ಕಂಡು ಸೆಕ್ಯುರಿಟಿಯವ ಹುಬ್ಬು ಏರಿಸಿದ.

‘ಯಾವ ಆಫೀಸಿಗೆ ಅಮ್ಮಾ?’

‘ಯಾವ ಆಫೀಸಿಗೂ ಅಲ್ಲಪ. ಬಿಲ್ಡಿಂಗಿಗೆ. ಮುಯ್ಯಿಗೆ ಬಂದೀವಿ’ ಅಂದ್ಲು ಅತ್ತಿ.

ನಾನು ನಾಚಿ ನೆಲ ನೋಡಿದೆ. ಆದ್ರ ಆತ ತೆಕ್ಕಲಕೋಟೆಯವ, ಹೊಲಮನಿಯವ, ಮುಯ್ಯಿ ಅಂದ್ರ ನಗೋ ಮಾತಲ್ಲ ಅಂತ ಗೊತ್ತಿತ್ತು. ಅತ್ತಿ ಹೇಳಿದ್ದೆಲ್ಲಾ ಕೇಳಿ, ಕುರ್ಚಿ ಕೊಟ್ಟು, ಫೋನ್ ಮಾಡಿ ಮ್ಯಾನೇಜರ್ನ ಕರದ. ಮ್ಯಾನೇಜರ್ ಇಳದು ಬಂದು ನಮ್ಮನ್ನ ನೋಡಿ ಮುಖ ಸಣ್ಣದು ಮಾಡ್ಕೊಂಡ, ಜಗಳಕ್ಕ ಬಂದಾರ ಅಂತ. ಸೆಕ್ಯುರಿಟಿಯವ ತಿಳಿಸಿ ಹೇಳಿದ. ಅತ್ತಿ ಆತಗ ತೆಲುಗಿನ್ಯಾಗ, ನಮ್ಮ ಬಳ್ಳಾರಿ ತೆಲುಗಿನ್ಯಾಗ, ‘ನಿಮ್ಮ ಅಡಗಿಮನಿ ಎಲ್ಲೈತಿ ತೋರಿಸು ನಾಯನಾ’ ಅಂದ್ಲು. ಆತ ಲಿಫ್ಟಿನ ಗುಂಡಿ ಒತ್ತಿ, ‘ಹತ್ತನೇ ಅಂತಸ್ತು, ಕ್ಯಾಂಟೀನು’ ಅಂದ.

ಲಿಫ್ಟಿನ್ಯಾಗ ಅತ್ತಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಕೊಂಡಿದ್ಲು. ಕೆಂಪು ಅಂಕಿ ಏರೋದನ್ನ ನೋಡಕೊಂತ, ‘ಇದಕ್ಕೊಂದು ಕಿಟಕಿ ಇಟ್ಟಿದ್ರ ಇವ್ರ ಗಂಟು ಏನು ಹೋಗತಿತ್ತು’ ಅಂತ ನನಗಷ್ಟಾ ಕೇಳೋಹಂಗ ಅಂದ್ಲು. ನನ್ನ ಕೈಗೆ ಬಳಿ ಒತ್ತಿ ನೋವಾಗತಿತ್ತು, ಬಿಡ್ಲಿ ಅನ್ನಿಸಲಿಲ್ಲ.

ಕ್ಯಾಂಟೀನಿನ ಅಡಗಿಯವ ನೆಲಕ್ಕ ಪೇಪರ್ ಹಾಸಿ ಕೊಟ್ಟ. ಕುಂತ್ವಿ. ಚಾ ಕುಡಿಯಾಕ ಬಂದ ಆಫೀಸಿನವ್ರು ಕಪ್ಪು ಹಿಡಕೊಂಡು ಸುತ್ತಲೂ ನಿಂತ್ರು. ಇಬ್ಬರು ಹುಡುಗ್ಯಾರು ಕೊರಳಿನ ಕಾರ್ಡು ಬೆನ್ನಿಗೆ ಹಾಕ್ಕೊಂಡು, ‘ನಾವೂ ಮಾಡ್ತೀವಿ ಅಜ್ಜೀ’ ಅಂತ ಕುಂತೇ ಬಿಟ್ರು. ಅವ್ರ ಹಪ್ಪಳ ನನ್ನ ಮೊದಲನೇ ಹಪ್ಪಳಕ್ಕಿಂತ ಘೋರ. ಅತ್ತಿ ಯಾರಿಗೂ ಏನೂ ಅನ್ನಲಿಲ್ಲ, ಪರರ ಮನಿ ಅಲ್ಲೇನು. ತಾನೂ ಒಂದು ಲಟ್ಟಣಿಗಿ ತಗೊಂಡ್ಲು. ನಾನು ಕಣ್ಣಿನ ತುದಿಯಿಂದ ನೋಡ್ತಾನ ಇದ್ದೆ. ಒಂದು ಕಡಿ ದಪ್ಪ, ಒಂದು ಕಡಿ ತೆಳ್ಳಗ, ನಡುವ ಒಂದು ಗೀರು. ಅದನ್ನ ನೋಡಿ, ತಟ್ಟಿ, ರಾಶಿಗೆ ಹಾಕಿ, ಇನ್ನೊಂದು ಉಂಡಿ ತಗೊಂಡ್ಲು. ಆರು ವರ್ಷದ ಮ್ಯಾಲ ಅಕಿ ಮಣಿ ಮುಂದ ಕುಂತಿದ್ಲು. ನಾನು ನೀರು ಕುಡಿಯೋ ನೆವ ಮಾಡಿ ಎದ್ದೆ.

ಮೂರು ಹೊಡೀತು. ಅತ್ತಿ ಕೈ ಒರಸ್ಕೊಂಡು ಪಡುವಲ ಕಿಟಕಿಗೆ ಹೋದ್ಲು. ಅಲ್ಲಿಂದ ನಮ್ಮ ಓಣಿ ಬೆರಳಷ್ಟು ಅಗಲ ಕಾಣತಿತ್ತು, ನಮ್ಮ ಕಟ್ಟಿ ಮ್ಯಾಲ ಬೆಳಕು ಬಿದ್ದಿತ್ತು. ಭಾಳ ಹೊತ್ತು ನೋಡಿದ್ಲು. ಮ್ಯಾನೇಜರ್ ಹಿಂದ ಬಂದು ನಿಂತ. ‘ಅಮ್ಮಾ, ನನಗೂ ಬ್ಯಾಸರ ಐತಿ. ಆದ್ರ ಗಾಜೆಲ್ಲಾ ಒಂದಾ ಸಲ ಮಾಡಬೇಕು’ ಅಂದ.

‘ಎಲ್ಲಾ ಗಾಜೂ ನಮಗ ಬೆಳಕು ಕೊಡೂದಿಲ್ಲಪ’ ಅಂದ್ಲು ಅತ್ತಿ.

‘ಹಂಗಂದ್ರ?’

‘ಬಡಗಲ ತುದಿಯ, ಮ್ಯಾಲಿಂದ ಕೆಳಗ ಇಳಿಯೋ ಸಾಲು ಒಂದಾ. ಈಗ ಮೂರು ಗಂಟೆಕ ಎಲ್ಲಾಕ್ಕಿಂತ ಮ್ಯಾಲಿಂದು ಬಂದೈತಿ. ಹೊತ್ತು ಇಳದಂಗ ಒಂದೊಂದಾ ಗಾಜು ಕೆಳಗಿಳಕೊಂತ ಬರತೈತಿ. ನಾಲ್ಕಕ್ಕ ಏಳನೇ ಅಂತಸ್ತಿಂದು. ನಾಲ್ಕೂವರಿಗೆ ಐದನೇದು. ಆಮ್ಯಾಲ ಗೋಡೌನಿನ ಗೋಡಿ ಅಡ್ಡ ಬರತೈತಿ, ನಾನು ಹಪ್ಪಳ ಎತ್ತತೀನಿ. ಉಳಿದ ಗಾಜಿನ ಬೆಳಕೆಲ್ಲಾ ಗೋಡೌನಿನ ತಗಡಿನ ಮ್ಯಾಲ, ಬ್ಯಾರೆ ಅಂಗಡಿ ಬೆನ್ನಿನ ಮ್ಯಾಲ ಬೀಳತೈತಿ. ಅವಕ್ಕ ನೀವು ಏನು ಬೇಕಾದ್ರೂ ಅಂಟಸ್ರಿ.’

ಆತ ಕಿಟಕಿಗೆ ಬಗ್ಗಿ ನೋಡಿದ. ಇಂಜಿನಿಯರಿಂಗ್ ಓದಿದವನಂತ. ಕೆಳಗ ಸೆಕ್ಯುರಿಟಿಯವಗ ಫೋನ್ ಹಚ್ಚಿ, ಹಿಂದಿನ ಓಣಿಗೆ ಹೋಗಿ ಆ ಕಟ್ಟಿ ಮ್ಯಾಲ ನಿಂತು ನೋಡು, ಬೆಳಕು ಯಾವ ಗಾಜಿನಿಂದ ಬರತೈತಿ ಹೇಳು ಅಂದ. ಐದು ನಿಮಿಷಕ್ಕ ವಾಪಸ್ ಫೋನ್ ಬಂತು. ಆತ ಕೇಳಿಸ್ಕೊಂಡು ಫೋನ್ ಇಟ್ಟು, ಅತ್ತಿ ಕಡಿ ತಿರುಗಿ, ‘ಬಡಗಲ ತುದಿ. ಎಲ್ಲಾಕ್ಕಿಂತ ಮ್ಯಾಲಿಂದು’ ಅಂದ. ಎರಡು ಬ್ಯಾಸಗಿ ಇಡೀ ಊರು ಆ ಬಿಲ್ಡಿಂಗ್ ನೋಡೇ ನೋಡೇತಿ. ಅದರ ಒಂದೊಂದು ಗಾಜಿನ ಹೊತ್ತುಗೊತ್ತು ತಿಳಕೊಂಡಾಕಿ ಅಕ್ಷರ ಬರದ ನಮ್ಮತ್ತಿ ಒಬ್ಬಾಕೀನ. ನನಗ ಹೆಮ್ಮಿ ಆತು, ಹೇಳಾಕ ಏನು ನಾಚಿಕಿ.

ಆ ಸಾಲಿನ ಹಿಂದ ಇರೋದು ಬರೀ ಮೆಟ್ಟಲಂತ, ಅಲ್ಲಿ ಯಾರೂ ಕುಂಡ್ರೂದಿಲ್ಲಂತ, ಫಿಲ್ಮಿಲ್ಲದಿದ್ರೂ ಒಳಗಿನವ್ರಿಗೆ ಸೆಕಿ ಆಗೂದಿಲ್ಲಂತ. ‘ಆದ್ರ ಒಂದು ಸಾಲು ಬಿಟ್ರ ಬಿಲ್ಡಿಂಗ್ ಮುಖ ಹೊರಗಿಂದ ಒಂಥರಾ ಕಾಣತೈತಿ. ಮಾಲೀಕ್ರನ್ನ ಕೇಳಬೇಕು, ನಾನು ಮಾತು ಕೊಡಾಕ ಬರೂದಿಲ್ಲ’ ಅಂದ. ಅತ್ತಿ, ‘ಕೇಳು. ಆಗದಿದ್ರೂ ಚಿಂತಿಲ್ಲ, ಮುಯ್ಯಿ ಮುಗೀತು’ ಅಂತ ಚೀಲ ಎತ್ತಿಸಿದ್ಲು. ಲಟ್ಟಿಸಿದ ಹಪ್ಪಳಾನ ಬಿಲ್ಡಿಂಗಿನ ತಾರಸಿ ಮ್ಯಾಲ ಹೆಂಗ ಒಣಗಸಬೇಕು, ಯಾವಾಗ ತಿರುವಬೇಕು ಅಂತ ಅಡಗಿಯವಗ ಎರಡೆರಡು ಸಲ ಹೇಳಿ ಬಂದ್ಲು.

ಇಳಿಯಾಗ ಲಿಫ್ಟಿನ್ಯಾಗ ನಾನು, ‘ತಪ್ಪಾತು ಅತ್ತಿ, ಆ ಅರ್ಜಿ ಬರೀಬಾರದಿತ್ತು’ ಅಂದೆ.

‘ಅರ್ಜಿ ಬರದದ್ದು ತಪ್ಪಲ್ಲ. ಅವತ್ತು ನಿನಗ ತೊಂದರಿ ಆತು, ಬರದಿ. ನನ್ನ ಕಣ್ಣು ಅಂತ ಯಾಕ ಬರದಿ? ನಿನ್ನ ಕಣ್ಣಿಗೆ ಏನು ಬ್ಯಾನಿ ಬಂದಿತ್ತು?’ ಅಂದ್ಲು. ಜೊತಿಗಿದ್ದ ಇಬ್ಬರೂ ಸೆರಗು ಬಾಯಿಗೆ ಹಿಡಕೊಂಡು ನಕ್ರು. ನಾನೂ ನಕ್ಕೆ, ಕಣ್ಣಾಗ ನೀರೂ ಬಂತು.

ಸೋಮವಾರ ತಾರಸಿಯಿಂದ ತೊಟ್ಲದಂಥದ್ದು ಇಳಿಬಿಟ್ಟು ಇಬ್ಬರು ಕೆಲಸಗಾರ್ರು ತೆಂಕಲ ತುದಿಯಿಂದ ಶುರು ಮಾಡಿದ್ರು. ದಿನಕ್ಕ ಎರಡು ಸಾಲು ಮಬ್ಬಾದ್ವು. ಗೋಡೌನಿನ ತಗಡು ಹೊಳಿಯೋದು ನಿಂತಿತು. ಬುಧವಾರ ಓಣಿಯ ತೆಂಕಲ ತುದಿ ಅಂಗಡಿ ಬೆನ್ನಿಗೆ ಬೆಳಕು ಹೋತು, ಗುರುವಾರ ನಮ್ಮ ಪಕ್ಕದ ಅಂಗಡಿ ಬೆನ್ನಿಗೂ ಹೋತು. ಅತ್ತಿ ದಿನಾ ಕುಂತು ನೋಡತಿದ್ಲು. ಮ್ಯಾನೇಜರ್ ಕಡಿಂದ ಸುದ್ದಿ ಇಲ್ಲ. ನಾನು ಹೋಗಿ ಕೇಳ್ತೀನಿ ಅಂದ್ರ, ‘ಮುಯ್ಯಿ ತೀರಿಸಿ ಬಂದ ಮನಿಗೆ ತಿರುಗಿ ಕೇಳಾಕ ಹೋಗಬಾರದು’ ಅಂತ ಗದರಿದ್ಲು.

ಶನಿವಾರ ಮುಂಜಾನಿ ಎದ್ದು ನೋಡಿದ್ರ ತೊಟ್ಲು ಬಡಗಲ ತುದಿಯಾಗ ನೇತಾಡತಿತ್ತು. ನಮ್ಮ ಸಾಲಿನ್ಯಾಗ. ಹತ್ತು ಗಂಟೆ ತನಕ ಅವ್ರು ಅಲ್ಲೇ ಏನೋ ಮಾಡತಿದ್ರು, ಮುಂಜಾನಿ ಹೊತ್ತು ನಮ್ಮ ಕಡಿಯ ಗಾಜೆಲ್ಲಾ ನೆಳ್ಳಿನ್ಯಾಗಿರತಾವು, ಅಂಟಿಸಿದ್ರೋ ತೊಳದ್ರೋ ಕೆಳಗಿಂದ ತಿಳೀಲಿಲ್ಲ. ಮಧ್ಯಾಹ್ನಕ್ಕ ತೊಟ್ಲು ಎತ್ತಿದ್ರು, ಹಗ್ಗ ಸುತ್ತಿದ್ರು, ಹೋದ್ರು. ಮೂರು ಗಂಟೆ ಆಗೋ ತನಕ ಕಾಯೋದೊಂದಾ ದಾರಿ.

ಅವತ್ತು ನಮ್ಮನಿ ಪಾಳಿ. ಇದ್ದದ್ದಿರಲಿ ಅಂತ ಹಪ್ಪಳ ಲಟ್ಟಿಸಿ ಇಟ್ಟಿದ್ವಿ. ಎರಡೂವರಿಗೆ ಅತ್ತಿ ಮುಖ ತೊಳಕೊಂಡು ಬಂದ್ಲು. ಕಟ್ಟಿ ತಣ್ಣಗಿತ್ತು. ನಾವು ಮೂರೂ ಜನ ಅಕಿ ಸುತ್ತ ನಿಂತು ಮ್ಯಾಲ ನೋಡಾಕ ಹತ್ತಿದ್ವಿ. ಎಲ್ಲಾ ಗಾಜೂ ಒಂದಾ ಬೂದಿ ಬಣ್ಣದಂಗ ಕಾಣತಿದ್ವು. ಮೂರು ಗಂಟೆ ಆತು. ಐದು ನಿಮಿಷ ಕಳೀತು. ಬಡಗಲ ತುದಿಯ ಎಲ್ಲಾಕ್ಕಿಂತ ಮ್ಯಾಲಿನ ಗಾಜು ಬೆಳ್ಳಗ ಹೊತ್ತಿಕೊಂಡಿತು. ಅದರ ಬೆಳಕು ಗೋಡೌನಿನ ಗೋಡಿ ದಾಟಿ, ಓಣಿ ದಾಟಿ, ಕಟ್ಟಿ ಮ್ಯಾಲ ಬಂದು ಬಿತ್ತು. ಮೊದಲಿನಷ್ಟಿಲ್ಲ, ಒಂದು ಧೋತ್ರದಷ್ಟು ಅಗಲ. ಮುಂಜಾನಿ ಅವ್ರು ಆ ಸಾಲಿನ ಧೂಳು ತೊಳದು ಹೋಗಿದ್ರು ಅಂತ ಆಮ್ಯಾಲ ತಿಳೀತು. ಈಗ ಊರವ್ರು ಆ ಬಿಲ್ಡಿಂಗ್ ನೋಡಿ, ಅದೊಂದು ಸಾಲು ಯಾಕ ಹೊಳೀತೈತಿ ಅಂತ ಕೇಳ್ತಾರ. ಫಿಲ್ಮು ಸಾಲಲಿಲ್ಲ ಅಂತ ಕೆಲವ್ರು, ವಾಸ್ತು ಅಂತ ಕೆಲವ್ರು. ನಾನು ಸುಮ್ಮನಿರತೀನಿ.

ಅವತ್ತು ಮಾತ್ರ ಸುಮ್ಮನಿರಾಕ ಆಗಲಿಲ್ಲ. ನಾನು ಅತ್ತಿ ಭುಜ ಹಿಡಕೊಂಡು ಅತ್ತೇ ಬಿಟ್ಟೆ. ಉಳಿದವ್ರಿಬ್ರೂ ಕಣ್ಣು ಒರಸ್ಕೊಂತ ಆ ಬೆಳಕಿನ್ಯಾಗ ಕೈ ಚಾಚಿ ನೋಡತಿದ್ರು. ಅತ್ತಿ ಒಂದು ಕ್ಷಣ ನಮ್ಮನ್ನೆಲ್ಲಾ ನೋಡಿದ್ಲು. ಆಮ್ಯಾಲ ಬಾಗಿ ಧೋತ್ರ ಬಿಚ್ಚಿ ಹಾಸಿ, ನಡುಗೋ ಕೈಲಿ ಅದರ ಮೂಲಿ ಎಳದು ಸರಿ ಮಾಡಿದ್ಲು.

‘ಬೆಳಕಿಗೆ ಅಡ್ಡ ನಿಂತೀರಿ, ಸರೀರಿ. ನಿಮಗ ಕೆಲಸ ಇಲ್ಲೇನು? ನನಗೈತಿ.’

ನಾವು ಒಳಗ ಬಂದ್ವಿ.